ಮೇಷ್ಟ್ರ ಹನ್ನೊಂದು ನೋಟ್‌ಬುಕ್: ಕೋಲಾರದವರು ದಯವಿಟ್ಟು ಓದಿ, ಏನು ಮಾಡೋಣ ಹೇಳಿ

ಕೋಟೆ ಬೀದಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಿನ್ನೆ ಮೇಷ್ಟ್ರ ತಿಥಿ ಮುಗಿಯಿತು. ಯಾವ ಮೇಷ್ಟ್ರು ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಹಳೇ ಸೈಕಲ್ಲು, ಹ್ಯಾಂಡಲ್‌ಗೆ ಬಟ್ಟೆ ಚೀಲ, ಚೀಲದಲ್ಲಿ ಒಂದು ಮೆತ್ತನೆ ಬ್ರಶ್ಶು, ನೀರಿನ ಬಾಟಲಿ, ಟಾರ್ಚು. ಭಾನುವಾರ ಯಾವುದಾದರೂ ಹಳ್ಳಿ ದಾರಿಯಲ್ಲಿ ಸಿಗುತ್ತಿದ್ದರು. ಮಂಗಳವಾರ ಸಂಜೆ ಲೈಬ್ರರಿ ಜಗಲಿಯಲ್ಲಿ ಕೂತು ಯಾರದೋ ಪಿಂಚಣಿ ಅರ್ಜಿ ತುಂಬುತ್ತಿದ್ದರು.

ಊಟ ಆದ ಮೇಲೆ ಶಾಮಿಯಾನದ ಕೆಳಗೆ ಕೂತಾಗ, ಅವರ ನೆನಪಿಗೆ ಏನಾದರೂ ಮಾಡಬೇಕು ಅನ್ನೋ ಮಾತು ಬಂತು. ಒಬ್ಬರು ವೃತ್ತಕ್ಕೆ ಹೆಸರಿಡೋಣ ಅಂದರು. ಇನ್ನೊಬ್ಬರು ಲೈಬ್ರರಿ ಮುಂದೆ ಎದೆಮಟ್ಟದ ಪ್ರತಿಮೆ ಅಂದರು. ಅಷ್ಟರಲ್ಲಿ ಅಮ್ಮ (ಮೇಷ್ಟ್ರ ಮನೆಯವರು) ಒಳಗಿಂದ ಒಂದು ಕಬ್ಬಿಣದ ಟ್ರಂಕ್ ಎಳೆಸಿಕೊಂಡು ಬಂದರು. "ಇದನ್ನ ಯಾರಿಗೆ ಕೊಡಲಿ, ನೀವೇ ಹೇಳಿ" ಅಂದರು. ಒಳಗೆ ಹನ್ನೊಂದು ಉದ್ದದ ನೋಟ್‌ಬುಕ್ ಇದ್ದವು.

ರಾತ್ರಿಯೆಲ್ಲಾ ಅವನ್ನೇ ಓದಿದೆ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು. ಬಂದಿದ್ದು 1905ರಲ್ಲಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ಆ ಕಡೆಯ ತಾಲ್ಲೂಕುಗಳೂ ಅದರಲ್ಲೇ ಇವೆ. ತಾಲ್ಲೂಕುವಾರು ನಂಬರ್ ಹಾಕಿ, ಯಾವ ಊರಿನಲ್ಲಿ ಯಾವ ಶಾಸನದ ಕಲ್ಲು ಇದೆ, ಅದರಲ್ಲಿ ಏನು ಬರೆದಿದೆ ಅಂತ ಕೊಟ್ಟಿದ್ದಾರೆ. ಮೇಷ್ಟ್ರು ಮಾಡಿದ್ದು ಇಷ್ಟೇ: ಆ ಪುಸ್ತಕ ಹಿಡಿದು ಒಂದೊಂದು ಊರಿಗೂ ಹೋಗಿ, ನೂರು ವರ್ಷದ ಮೇಲೆ ಆ ಕಲ್ಲು ಇನ್ನೂ ಇದೆಯಾ ಅಂತ ನೋಡಿದ್ದಾರೆ. ಪ್ರತಿ ನಂಬರ್ ಮುಂದೆ ಒಂದು ಮಾತು. "ಇದೆ." "ಇಲ್ಲ." "ಜಾಗ ಬದಲಾಗಿದೆ." ಕೆಲವಕ್ಕೆ ಬರೀ ಪ್ರಶ್ನೆ ಗುರುತು.

ಒಂದು ಪುಟ ಹೀಗಿದೆ, ಇದ್ದ ಹಾಗೇ ಬರೆಯುತ್ತೇನೆ: "ಇದೆ. ಹುಣಸೆ ಮರದ ಬುಡ, ಬಡಗಣ ಮುಖ. ಎಮ್ಮೆ ಕಟ್ಟುತ್ತಿದ್ದಾರೆ. ಮನೆ ಯಜಮಾನಿಗೆ ಅದರಲ್ಲಿ ಏನು ಬರೆದಿದೆ ಅಂತ ಓದಿ ಹೇಳಿದೆ. ಇನ್ನು ಕಟ್ಟುವುದಿಲ್ಲ ಅಂದರು. ಮಜ್ಜಿಗೆ ಕೊಟ್ಟರು." ಅದರ ಕೆಳಗೆ ಎರಡು ವರ್ಷ ಬಿಟ್ಟು, ಬೇರೆ ಶಾಯಿಯಲ್ಲಿ: "ಮತ್ತೆ ಹೋಗಿದ್ದೆ. ಕಟ್ಟಿಲ್ಲ."

ಪ್ರಶ್ನೆ ಗುರುತು ಇರುವ ಕಲ್ಲುಗಳು ನಲವತ್ತಕ್ಕಿಂತ ಜಾಸ್ತಿ ಇವೆ. ಕೊನೆಯ ಎರಡು ವರ್ಷ ಅವರಿಗೆ ಮಂಡಿ ನೋವು, ಸೈಕಲ್ ತುಳಿಯಲು ಆಗುತ್ತಿರಲಿಲ್ಲ. ನನ್ನ ಆಸೆ ಏನೆಂದರೆ ಆ ಊರುಗಳಿಗೆ ನಾವು ಹೋಗಬೇಕು. ಪ್ರತಿಮೆ ಬೇಡ ಅಂತಲ್ಲ. ಇದು ಮೊದಲು ಆಗಲಿ. ಏನಂತೀರಿ?

ಬಂಗಾರಪೇಟೆ ಜಂಕ್ಷನ್

ನಿನ್ನೆ ಪ್ರತಿಮೆ ಅಂದವನು ನಾನೇ. ಈಗಲೂ ಅದನ್ನೇ ಹೇಳುತ್ತೇನೆ. ಮೇಷ್ಟ್ರು ನನಗೆ ಎಂಟನೇ ಕ್ಲಾಸಿನಲ್ಲಿ ಸಮಾಜ ಪಾಠ ಮಾಡಿದವರು. ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವ ನಮ್ಮಂಥವರಿಗೆ ನಮ್ಮೂರು ಅಂದರೆ ಬರೀ ಮಲಗೋ ಜಾಗ ಆಗಿಬಿಟ್ಟಿದೆ. ಅವರು ಒಂದು ದಿನ ಬೋರ್ಡಿನ ಮೇಲೆ ಉದ್ದಕ್ಕೆ "ಕುವಲಾಲಪುರವರೇಶ್ವರ" ಅಂತ ಬರೆದರು. ಓದಿ ಅಂದರು. ನಮಗೆ ನಾಲಿಗೆ ತಿರುಗಲಿಲ್ಲ. "ಕುವಲಾಲ ಅಂದರೆ ಕೋಲಾರ ಕಣ್ರೋ. ಗಂಗರ ಮೊದಲ ರಾಜಧಾನಿ. ಆಮೇಲೆ ಅವರು ತಲಕಾಡಿಗೆ ಹೋದರು, ಆದರೆ ಈ ಬಿರುದು ಬಿಡಲಿಲ್ಲ. ಊರು ಬಿಟ್ಟರೂ ಊರಿನ ಹೆಸರು ಹೊತ್ತುಕೊಂಡೇ ಓಡಾಡಿದರು" ಅಂದರು. ನಾನು ಈಗ ಇಪ್ಪತ್ತು ವರ್ಷದಿಂದ ರೈಲಿನಲ್ಲಿ ಓಡಾಡುತ್ತಿದ್ದೇನೆ. ಆ ಮಾತು ಮರೆತಿಲ್ಲ.

ಅಂಥವರ ಮುಖ ಮುಂದಿನ ಹುಡುಗರಿಗೆ ಕಾಣಬೇಡವಾ? ನೋಟ್‌ಬುಕ್ ಯಾರು ಓದುತ್ತಾರೆ?

ಉರಿಗಾಂ

ಅಣ್ಣಾ, ನಾನು ಕೆಜಿಎಫ್‌ನವನು. ಇಲ್ಲಿ ಬರೆಯುವುದು ಇದೇ ಮೊದಲು. ಮೇಷ್ಟ್ರಿಗೆ ತಮಿಳು ಅಕ್ಷರ ಕಲಿಸಿದ್ದು ನಮ್ಮ ಅಪ್ಪ. ಅದನ್ನು ಹೇಳಲೇಬೇಕು.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಅಪ್ಪ ಭೂಮಿ ಒಳಗೆ ಇಳಿದು ಕೆಲಸ ಮಾಡಿದವರು. ಕೆಲಸ ಹೋದ ಮೇಲೆ ಮಾತೇ ಬಿಟ್ಟರು. ಬೆಳಗ್ಗೆ ಸೈರನ್ ಹೊತ್ತಿಗೆ ಎದ್ದು, ಬೂಟು ಒರೆಸಿ, ಬಾಗಿಲ ಹತ್ತಿರ ಕೂತುಬಿಡುತ್ತಿದ್ದರು. ಅಮ್ಮನಿಗೆ ದಿಗಿಲು.

ಆಗ ಒಂದು ದಿನ ಈ ಮೇಷ್ಟ್ರು ಬಸ್ಸಿನಲ್ಲಿ ಬಂದರು. ಯಾರೋ ವಿಳಾಸ ಕೊಟ್ಟಿದ್ದರಂತೆ. ಕೈಯಲ್ಲಿ ಮಕ್ಕಳ ಕಾಪಿ ಪುಸ್ತಕ. "ಕೋಲಾರಮ್ಮನ ಗುಡಿ ಗೋಡೆ ತುಂಬಾ ತಮಿಳು ಶಾಸನ ಇದೆ. ನನಗೆ ಒಂದಕ್ಷರ ಬರಲ್ಲ. ನನ್ನೂರಿನ ಗೋಡೆ ನಾನು ಓದಬೇಡವಾ? ಕಲಿಸಿಕೊಡಿ" ಅಂದರು. ಅಪ್ಪ ಓದಿದ್ದು ಐದನೇ ಕ್ಲಾಸು. ಅವರನ್ನು ಯಾರೂ ಅಲ್ಲಿಯವರೆಗೆ "ಕಲಿಸಿಕೊಡಿ" ಅಂತ ಕೇಳಿರಲಿಲ್ಲ.

ಆರು ತಿಂಗಳು ಪ್ರತಿ ಶನಿವಾರ ಬಂದರು. ಆಮೇಲೆ ಇಬ್ಬರೂ ಗುಡಿಗೆ ಹೋದರು. ಅಲ್ಲಿಗೆ ಹೋದಾಗ ಗೊತ್ತಾಯಿತು, ಚೋಳರ ಕಾಲದ ಅಕ್ಷರ ಈಗಿನ ತಮಿಳಿನ ಹಾಗೆ ಇಲ್ಲ, ನಡುವೆ ಸಂಸ್ಕೃತ ಪದಗಳಿಗೆ ಬಳಸುತ್ತಿದ್ದ ಗ್ರಂಥ ಲಿಪಿ ಬೇರೆ. ಅಪ್ಪನಿಗೂ ಸರಿಯಾಗಿ ಓದಲು ಬರಲಿಲ್ಲ. ಇಬ್ಬರೂ ರೈಸ್ ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು, ಒಂದೊಂದೇ ಅಕ್ಷರ ಗೋಡೆಗೆ ಹೋಲಿಸಿ ನೋಡಿದರು. ರಾಜೇಂದ್ರ ಚೋಳನ ಕಾಲದಲ್ಲಿ ಆ ಗುಡಿಯ ಇಟ್ಟಿಗೆ ಕಟ್ಟಡ ತೆಗೆದು ಕಲ್ಲಿನಲ್ಲಿ ಕಟ್ಟಿಸಿದರು ಅಂತ ಅದರಲ್ಲಿದೆ. ಅಪ್ಪ ಮನೆಗೆ ಬಂದು ಅಮ್ಮನಿಗೆ ಅದನ್ನೇ ಮೂರು ಸಲ ಹೇಳಿದರು. ಬಹಳ ದಿನದ ಮೇಲೆ ಅವರು ಅಷ್ಟು ಮಾತಾಡಿದ್ದು.

ಅಪ್ಪ ಈಗಿಲ್ಲ. ಆ ನೋಟ್‌ಬುಕ್‌ಗಳಲ್ಲಿ ಅಪ್ಪನ ಕೈಬರಹ ಎಲ್ಲಾದರೂ ಇದ್ದರೆ, ದಯವಿಟ್ಟು ಒಂದು ಫೋಟೋ ಕಳಿಸಿ.

ಕೋಟೆ ಬೀದಿ

ಇದೆ. ನಾಲ್ಕನೇ ನೋಟ್‌ಬುಕ್ಕು. ಮೂರು ಪುಟ ತಮಿಳು, ದೊಡ್ಡ ದೊಡ್ಡ ಅಕ್ಷರ, ನೀಲಿ ಶಾಯಿ. ಪಕ್ಕದಲ್ಲಿ ಮೇಷ್ಟ್ರು "ಗುರುಗಳು ಬರೆದದ್ದು" ಅಂತ ಬರೆದಿದ್ದಾರೆ. ಇವತ್ತೇ ಕಳಿಸುತ್ತೇನೆ.

ಮುಳಬಾಗಿಲು ಟೀಚರ್

ಓದಿ ಕಣ್ಣು ತುಂಬಿತು. ನಾನು ಸರ್ಕಾರಿ ಶಾಲೆಯಲ್ಲಿ ಟೀಚರ್. ಮೇಷ್ಟ್ರು ನನ್ನ ಮಕ್ಕಳನ್ನು ಆವಣಿಗೆ ಕರೆದುಕೊಂಡು ಹೋಗಿದ್ದರು. ಬಸ್ಸಿನ ಚಾರ್ಜು ಅವರೇ ಹಾಕಿದರು, ಅದು ಆಮೇಲೆ ಗೊತ್ತಾಯಿತು.

ಆವಣಿಯಲ್ಲಿ ರಾಮಲಿಂಗೇಶ್ವರ ಗುಡಿಗಳ ಗುಂಪು ಇದೆಯಲ್ಲಾ, ನೊಳಂಬರ ಕಾಲದ್ದು. ಎಲ್ಲರೂ ಗುಡಿ ತೋರಿಸಿ ಕರೆದುಕೊಂಡು ಬರುತ್ತಾರೆ. ಇವರು ಮಕ್ಕಳನ್ನು ನೆರಳಲ್ಲಿ ಕೂರಿಸಿ ಒಂದು ಶಾಸನದ ಕಥೆ ಹೇಳಿದರು. ತ್ರಿಭುವನಕರ್ತಾರ ಅನ್ನುವ ಒಬ್ಬ ತಪಸ್ವಿ. ಆವಣಿಯ ಮಠಸ್ಥಾನವನ್ನು 40 ವರ್ಷ ನೋಡಿಕೊಂಡು 961ರಲ್ಲಿ ತೀರಿಕೊಂಡರು. ಅಷ್ಟರಲ್ಲಿ 50 ಗುಡಿ ಕಟ್ಟಿಸಿದರು, ಎರಡು ದೊಡ್ಡ ಕೆರೆ ಕಟ್ಟಿಸಿದರು ಅಂತ ಶಾಸನ ಹೇಳುತ್ತದೆ.

ಆಮೇಲೆ ಮಕ್ಕಳನ್ನು ಕೇಳಿದರು: "ಐವತ್ತು ಗುಡಿ ಕಷ್ಟವೋ, ಎರಡು ಕೆರೆ ಕಷ್ಟವೋ?" ಎಲ್ಲರೂ ಗುಡಿ ಅಂದರು. ಒಬ್ಬಳು ಹುಡುಗಿ, ಅವಳ ಮನೆಯಲ್ಲಿ ಬೋರ್‌ವೆಲ್ ಬತ್ತಿ ಹೋಗಿತ್ತು, ಎದ್ದು ನಿಂತು "ಕೆರೆ ಸಾರ್. ಗುಡಿ ಕಟ್ಟಿದ ಮೇಲೆ ನಿಂತಿರುತ್ತೆ. ಕೆರೆ ದಿನಾ ನೋಡ್ಕೋಬೇಕು" ಅಂದಳು. ಮೇಷ್ಟ್ರು ಚೀಲದಿಂದ ತಮ್ಮ ಪೆನ್ನು ತೆಗೆದು ಅವಳಿಗೆ ಕೊಟ್ಟರು. ಏನೂ ಮಾತಾಡಲಿಲ್ಲ.

ನಮ್ಮ ತಾಲ್ಲೂಕಿನ ಪ್ರಶ್ನೆ ಗುರುತುಗಳನ್ನು ನನಗೆ ಕೊಡಿ. ನಮ್ಮ ಮಕ್ಕಳು ಒಂಬತ್ತನೇ ಕ್ಲಾಸಿನವರು, ಅವರ ಊರುಗಳಲ್ಲಿ ಅವರೇ ಕೇಳಿಕೊಂಡು ಬರುತ್ತಾರೆ.

ನೀರುಗಂಟಿ ಮನೆ

ನಾವು ನೀರುಗಂಟಿಗಳ ಮನೆಯವರು. ತಾತನ ಕಾಲದವರೆಗೆ ತೂಬು ಎತ್ತುವುದು, ಗದ್ದೆಗೆ ನೀರು ಹಂಚುವುದು ನಮ್ಮ ಕೆಲಸ. ಕೆರೆ ಬತ್ತಿದ ಮೇಲೆ ಆ ಕೆಲಸವೂ ಹೋಯಿತು, ಆ ಹೆಸರೂ ಹೋಯಿತು.

ಮೇಷ್ಟ್ರು ಮೊದಲ ಸಲ ಬಂದಾಗ ಕೇಳಿದ್ದು ತಾತನನ್ನೇ. ಕಲ್ಲು ಎಲ್ಲಿದೆ ಅಂತ ಕೇಳಲಿಲ್ಲ. "ನೀರು ಹೇಗೆ ಹಂಚುತ್ತಿದ್ದಿರಿ?" ಅಂತ ಕೇಳಿದರು. ತಾತ ಎರಡು ಗಂಟೆ ಹೇಳಿದರು. ಕೊನೆಗೆ ತಾವೇ ಎದ್ದು ಹೋಗಿ, ಜಾಲಿ ಮುಳ್ಳಿನ ನಡುವೆ ಮುಚ್ಚಿಹೋಗಿದ್ದ ಕಲ್ಲು ತೋರಿಸಿದರು. ಅದರಲ್ಲಿ ಬಿತ್ತುವಟ್ಟದ ಮಾತಿತ್ತು. ಅಂದರೆ ಕೆರೆ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ. ಮೇಷ್ಟ್ರು ಓದಿ ಹೇಳಿದಾಗ ತಾತ ಕಲ್ಲಿನ ಮೇಲೆ ಕೈಯಿಟ್ಟು ಸುಮ್ನೆ ನಿಂತುಬಿಟ್ಟರು.

ಆ ಬೇಸಿಗೆ ನಾವು ಹತ್ತು ಜನ ಗುದ್ದಲಿ ಹಿಡಿದು ಕಾಲುವೆ ತೆಗೆದೆವು. ಮೇಷ್ಟ್ರೂ ಪಂಚೆ ಎತ್ತಿ ಕಟ್ಟಿ ಇಳಿದರು. ಮಂಕರಿ ಹೊರಲು ಬಿಡಲಿಲ್ಲ ಅಂತ ನಮ್ಮ ಮೇಲೆ ಕೋಪ ಮಾಡಿಕೊಂಡರು. ಅವರು ಯಾವಾಗಲೂ ಬೇತಮಂಗಲದ ಕಥೆ ಹೇಳುತ್ತಿದ್ದರು. ಅದರ ಹಳೇ ಹೆಸರು ವಿಜಯಾದಿತ್ಯಮಂಗಲ. ಅಲ್ಲಿನ ಕೆರೆ ಒಡೆದಾಗ ನೊಳಂಬರ ಕಾಲದಲ್ಲಿ ಒಮ್ಮೆ ಸರಿ ಮಾಡಿದರು, ಹೊಯ್ಸಳರ ಕಾಲದಲ್ಲಿ ಮತ್ತೊಮ್ಮೆ. ಅದೇ ಕೆರೆ ಮುಂದೆ ಚಿನ್ನದ ಗಣಿ ಊರಿಗೆ ಕುಡಿಯುವ ನೀರು ಕೊಟ್ಟಿತು. "ಹೊಸ ಕೆರೆ ಕಟ್ಟಿದವರ ಹೆಸರು ಎಲ್ಲರಿಗೂ ಬೇಕು. ಒಡೆದದ್ದನ್ನು ಕಟ್ಟಿದವರನ್ನೂ ಕಲ್ಲಿನಲ್ಲಿ ಬರೆದಿದ್ದಾರೆ ನೋಡು" ಅನ್ನುತ್ತಿದ್ದರು.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಯೋಜನೆ) ಲಕ್ಷ್ಮೀಸಾಗರ ಕೆರೆಗೆ ಬಂದಾಗ ನಾವೆಲ್ಲಾ ನೋಡಲು ಹೋಗಿದ್ದೆವು. ಮೇಷ್ಟ್ರೂ ಬಂದಿದ್ದರು. ಖುಷಿಪಟ್ಟರು. ಕೆರೆಯಲ್ಲಿ ನೀರು ನೋಡಿದರೆ ಯಾರಿಗೆ ಖುಷಿ ಆಗಲ್ಲ ನಮ್ಮ ಜಿಲ್ಲೆಯಲ್ಲಿ? ಆದರೆ ಮಾರನೇ ವಾರದಿಂದಲೇ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿದರೆ ಸಾಲದು, ಮೂರನೇ ಹಂತವೂ ಬೇಕು ಅಂತ ಅರ್ಜಿ ಬರೆಯಲು ಕೂತರು. ಖುಷಿಯೂ ನಿಜ, ಅರ್ಜಿಯೂ ನಿಜ. ನನಗೆ ಅವರಲ್ಲಿ ತುಂಬಾ ಇಷ್ಟವಾಗಿದ್ದು ಅದೇ.

ಮಕ್ಬರ ರಸ್ತೆ

ನಾನು ಹೈದರಾಲಿ ತಂದೆ ಫತೇ ಮಹಮ್ಮದ್ ಅವರ ಗೋರಿ ಇರುವ ಬೀದಿಯವನು. ನನ್ನ ದಾದಿಯ ವಿಧವಾ ವೇತನ ಎರಡು ವರ್ಷ ನಿಂತಿತ್ತು. ಹೆಸರಿನಲ್ಲಿ ಒಂದಕ್ಷರ ತಪ್ಪು. ಮೇಷ್ಟ್ರು ಐದು ಸಲ ದಾದಿ ಜೊತೆ ಕಚೇರಿಗೆ ಹೋದರು. ಕ್ಯೂನಲ್ಲಿ ದಾದಿಯನ್ನು ಕೂರಿಸಿ ಅವರು ನಿಂತಿದ್ದರು. ದುಡ್ಡು ಕೊಡಲು ಹೋದರೆ, "ಅಮ್ಮಾ, ದುಡ್ಡು ಬೇಡ. ನಿಮ್ಮ ತವರೂರಿನ ಹೊಲಗಳ ಹೆಸರು ಹೇಳಿ, ಸಾಕು" ಅಂದರಂತೆ.

ದಾದಿಗೆ ನಗು. ಆದರೂ ಹೇಳಿದರು. ಕರಡಿಗುಂಡಿನ ಹೊಲ, ಸೂಳೆಬಾವಿ ಮಗ್ಗುಲು, ದಂಡು ಇಳಿದ ಬಯಲು. ಯಾರಿಗೆ ಅರ್ಜಿ ತುಂಬಿದರೂ ಅವರ ಫೀಸು ಅಷ್ಟೇ ಅಂತ ಆಮೇಲೆ ಗೊತ್ತಾಯಿತು.

ಕೋಟೆ ಬೀದಿ

ಈಗ ಅರ್ಥವಾಯಿತು! ಏಳನೇ ನೋಟ್‌ಬುಕ್ ತುಂಬಾ ಬರೀ ಹೊಲ, ಗುಂಡು, ಕುಂಟೆ, ಬಾವಿಗಳ ಹೆಸರು. ಪಕ್ಕದಲ್ಲಿ "ವೃದ್ಧಾಪ್ಯ", "ವಿಧವಾ", "ರೇಷನ್ ಕಾರ್ಡ್" ಅಂತ ಬರೆದಿದ್ದರು. ಏನು ಅಂತ ತಲೆ ಕೆಡಿಸಿಕೊಂಡಿದ್ದೆ. "ದಂಡು ಇಳಿದ ಬಯಲು" ಇದೆ. ನಿಮ್ಮ ದಾದಿಯದೇ.

ಎಷ್ಟೋ ಬಯಲು ಈಗ ಲೇಔಟ್ ಆಗಿವೆ. ಈ ಹೆಸರುಗಳು ಬೇರೆ ಎಲ್ಲೂ ಸಿಗಲಿಕ್ಕಿಲ್ಲ.

ಲಿಪಿ ಕಲಿಯುವವಳು

ನಾನು ಹಳಗನ್ನಡ ಲಿಪಿ ಕಲಿಯುತ್ತಿದ್ದೇನೆ, ಮೇಷ್ಟ್ರೇ ಹಚ್ಚಿದ ದೀಪ ಅದು. ಹೊರಡುವ ಮೊದಲು ಕೆಲವು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಕಲ್ಲಿಗೆ ತಂತಿ ಬ್ರಶ್ ಹಾಕಬೇಡಿ. ಆಸಿಡ್ ಅಂತೂ ಮುಟ್ಟಲೇಬೇಡಿ. ಅಕ್ಷರ ಚೆನ್ನಾಗಿ ಕಾಣಲಿ ಅಂತ ಪೇಂಟ್ ಬಳಿಯುವವರಿದ್ದಾರೆ, ಅದು ಕಲ್ಲಿನ ಕೊನೆ. ಮೆತ್ತನೆ ಬ್ರಶ್ಶು, ಬರೀ ನೀರು. ಹಿಟ್ಟು ಉಜ್ಜಿ ಓದುವ ಅಭ್ಯಾಸ ಹಲವರಿಗಿದೆ, ಮೇಷ್ಟ್ರೂ ಮೊದಮೊದಲು ಹಾಗೇ ಮಾಡುತ್ತಿದ್ದರು. ಆಮೇಲೆ ಬಿಟ್ಟರು. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಮಗ್ಗುಲಿಗೆ, ಹೆಚ್ಚುಕಡಿಮೆ ಕಲ್ಲಿಗೆ ತಾಗಿಸಿದ ಹಾಗೆ ಹಿಡಿಯಿರಿ. ಬೆಳಕು ಅಡ್ಡಕ್ಕೆ ಬಿದ್ದಾಗ ಕೆತ್ತಿದ ಗೆರೆಯೊಳಗೆ ನೆರಳು ಕೂರುತ್ತದೆ. ಮಧ್ಯಾಹ್ನ ಬರೀ ಬೋಳು ಬಂಡೆ ಹಾಗೆ ಕಂಡದ್ದು ರಾತ್ರಿ ಸಾಲು ಸಾಲಾಗಿ ಎದ್ದು ಬರುತ್ತದೆ. ಮೊದಲ ಸಲ ನೋಡಿದಾಗ ನಾನು ಕೂಗಿಬಿಟ್ಟಿದ್ದೆ.

ಇನ್ನೊಂದು ಮಾತು. ಸಿಕ್ಕಿದ ಕಲ್ಲಿನ ಜಾಗದ ಮ್ಯಾಪನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಶಾಸನ ಅಂದರೆ ನಿಧಿಯ ಗುರುತು ಅಂತ ನಂಬಿ ರಾತ್ರೋರಾತ್ರಿ ಅಗೆಯುವವರು ಇನ್ನೂ ಇದ್ದಾರೆ. ಕಲ್ಲಿನಲ್ಲಿ ಇರುವುದು ಭೂಮಿ ಬಿಟ್ಟ ಮಾತು, ಸತ್ತ ವೀರನ ಮಾತು, ಕೆರೆ ಮಾತು. ಅದನ್ನು ಊರಿನವರಿಗೆ ಓದಿ ಹೇಳಿದರೆ ಆ ಊರೇ ಕಾಯುತ್ತದೆ. ಮೇಷ್ಟ್ರು ಯಾವ ಕಲ್ಲನ್ನೂ ಮನೆಗೆ ತಂದವರಲ್ಲ. ಜಾಗ ಬದಲಾಗಿದ್ದರೆ ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ಕಾಗದ ಬರೆಯುತ್ತಿದ್ದರು. ನಾವೂ ಹಾಗೇ ಮಾಡೋಣ.

ಉರಿಗಾಂ

ಅಕ್ಕಾ, ರೈಸ್ ಪುಸ್ತಕದಲ್ಲೇ ಊರಿನ ಹೆಸರು ಇದೆಯಲ್ಲಾ? ಮುಚ್ಚಿಟ್ಟು ಏನು ಪ್ರಯೋಜನ?

ಲಿಪಿ ಕಲಿಯುವವಳು

ಊರಿನ ಹೆಸರು ಇರಲಿ ತಮ್ಮಾ. ಯಾವ ಹೊಲ, ಯಾವ ಮರದ ಬುಡ ಅನ್ನುವುದು ಬೇಡ. ಅದು ನೋಟ್‌ಬುಕ್ಕಿನಲ್ಲಿ ಇರಲಿ. ಸ್ಕ್ಯಾನ್ ಮಾಡಿ ಎರಡು ಮೂರು ಕಡೆ ಇಡೋಣ. ಓದಬೇಕೆಂದು ಬಂದವರಿಗೆ ನಾವೇ ಕರೆದುಕೊಂಡು ಹೋಗಿ ತೋರಿಸೋಣ.

ಬಂಗಾರಪೇಟೆ ಜಂಕ್ಷನ್

ಎಲ್ಲಾ ಓದಿದೆ. ಉರಿಗಾಂ ತಮ್ಮನ ಅಪ್ಪನ ಕಥೆ ಎರಡು ಸಲ ಓದಿದೆ. ಕಲ್ಲು ಹುಡುಕೋಣ, ನಾನೂ ಬರುತ್ತೇನೆ. ಪ್ರತಿಮೆಗೆ ಅಂತ ನಾನು ಹಾಕಬೇಕೆಂದಿದ್ದ ದುಡ್ಡಿನಲ್ಲಿ ನೋಟ್‌ಬುಕ್ ಇಡಲು ಒಳ್ಳೆ ಬೀರು, ಸ್ಕ್ಯಾನಿಂಗ್ ಖರ್ಚು ನನ್ನದು. ಆದರೆ ಅವರ ಹೆಸರು ಎಲ್ಲಾದರೂ ಇರಲೇಬೇಕು. ಸಿಕ್ಕಿದ ಕಲ್ಲಿನ ಹತ್ತಿರ ಊರಿನವರಿಗೆ ಅರ್ಥವಾಗುವ ಹಾಗೆ ಒಂದು ಬೋರ್ಡು ಹಾಕಿದರೆ, ಅದರ ತಲೆಯಲ್ಲಿ ಮೇಷ್ಟ್ರ ಹೆಸರು ಹಾಕೋಣ. ಅದನ್ನು ಬಿಡಲ್ಲ.

ಮೇಷ್ಟ್ರ ಮಗಳು

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಓದುತ್ತಿದ್ದೆ, ಬರೆಯಲು ಆಗಿರಲಿಲ್ಲ. ಅಮ್ಮನಿಗೂ ಪ್ರತಿ ರಾತ್ರಿ ಓದಿ ಹೇಳುತ್ತಿದ್ದೇನೆ. ದಾದಿಯವರ ಫೀಸಿನ ಕಥೆ ಅಮ್ಮನಿಗೂ ಗೊತ್ತಿರಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಅಪ್ಪನಿಗೆ ಹೆಸರು ಬೇಡವೇ ಬೇಡ ಅಂತ ನಾನು ಹೇಳಲ್ಲ, ಅದು ಸುಳ್ಳಾಗುತ್ತದೆ. ಪತ್ರಿಕೆಯಲ್ಲಿ ಅವರ ಪತ್ರ ಬಂದ ದಿನ ನಾಲ್ಕು ಪ್ರತಿ ತರುತ್ತಿದ್ದರು. ಆದರೆ ಯಾವ ಶಾಸನ ಸಿಕ್ಕಿದರೂ ಅಪ್ಪ ಮೊದಲು ಓದುತ್ತಿದ್ದುದು ಕೊನೆಯ ಸಾಲು. ರಾಜನ ಬಿರುದು, ಸೂರ್ಯ ಚಂದ್ರರು ಇರುವವರೆಗೂ ನಡೆಯಲಿ ಅನ್ನುವ ಮಾತು, ಇದನ್ನು ಅಳಿಸಿದವರಿಗೆ ವಾರಣಾಸಿಯಲ್ಲಿ ಕವಿಲೆ (ಹಸು) ಕೊಂದ ಪಾಪ ಅನ್ನುವ ಶಾಪ, ಎಲ್ಲಾ ಮುಗಿದ ಮೇಲೆ ಕೆಲವು ಕಲ್ಲುಗಳಲ್ಲಿ ಕೆತ್ತಿದ ಆಚಾರಿಯ ಹೆಸರು ಇರುತ್ತದೆ. ಅದು ಸಿಕ್ಕಿದರೆ ಅಪ್ಪನಿಗೆ ಹಬ್ಬ. ಮಂಡಿಯೂರಿ, ಮಣ್ಣು ಸರಿಸಿ, ಮಣ್ಣಿಗೆ ಕೆನ್ನೆ ತಾಗುವಷ್ಟು ಬಾಗಿ ಆ ಹೆಸರು ಹುಡುಕುತ್ತಿದ್ದರು. ಸಿಕ್ಕಿದರೆ ಜೋರಾಗಿ ಓದುತ್ತಿದ್ದರು, ಆ ಮನುಷ್ಯ ಅಲ್ಲೇ ಎಲ್ಲೋ ಇದ್ದಾನೆ ಅನ್ನುವ ಹಾಗೆ.

ಬೋರ್ಡು ಹಾಕುವುದಾದರೆ ಅಪ್ಪನ ಹೆಸರು ಅಲ್ಲಿ ಹಾಕಿ ಅಣ್ಣಾ. ಕೊನೆಯ ಸಾಲಿನಲ್ಲಿ, ಆಚಾರಿಯ ಜಾಗದಲ್ಲಿ.

ಬಂಗಾರಪೇಟೆ ಜಂಕ್ಷನ್

ಆಯ್ತು ತಾಯಿ. ಹಾಗೇ ಆಗಲಿ.

ಮುಳಬಾಗಿಲು ಟೀಚರ್

ಭಾನುವಾರದ ವರದಿ. ಮೂರು ಊರಿಗೆ ಹೋಗಿದ್ದೆವು, ಹನ್ನೆರಡು ಜನ, ಅದರಲ್ಲಿ ಏಳು ಮಕ್ಕಳು.

ಮೊದಲ ಊರಿನಲ್ಲಿ ಕಲ್ಲು ಇಲ್ಲ. ರಸ್ತೆ ಅಗಲ ಮಾಡುವಾಗ ಚರಂಡಿ ಕೆಳಗೆ ಹೋಯಿತು ಅಂತ ಮೂರು ಜನ ಬೇರೆ ಬೇರೆಯಾಗಿ ಒಂದೇ ಜಾಗ ತೋರಿಸಿದರು. ಬರೆದುಕೊಂಡು ಬಂದೆವು. ಎರಡನೇ ಊರಿನಲ್ಲಿ ಏನೂ ಗೊತ್ತಾಗಲಿಲ್ಲ, ಪ್ರಶ್ನೆ ಗುರುತು ಹಾಗೇ ಇದೆ.

ಮೂರನೇ ಊರಿಗೆ ಹೋಗುವಷ್ಟರಲ್ಲಿ ಸಂಜೆ. ಯಾರಿಗೂ ಗೊತ್ತಿಲ್ಲ ಅಂದರು. ಹೊರಡೋಣ ಅಂತ ಇದ್ದೆವು. ಆಗ ಒಬ್ಬ ಅಜ್ಜಿ, ನಮ್ಮ ಮಾತು ಕೇಳಿಸಿಕೊಂಡು, "ಬಟ್ಟೆ ಒಗೆಯೋ ಕಲ್ಲಿನ ಅಡಿಮಗ್ಗುಲಲ್ಲಿ ಏನೋ ಗೀಚಿದೆ, ನೋಡಿ" ಅಂದರು. ತೊಟ್ಟಿ ಪಕ್ಕ ಮಲಗಿಸಿದ ಉದ್ದನೆ ಕಲ್ಲು. ಮೇಲ್ಮೈ ಸೋಪು ತಿಂದು ನುಣ್ಣಗಾಗಿದೆ. ನೀರುಗಂಟಿ ಮನೆಯವರು, ಬಂಗಾರಪೇಟೆ ಅಣ್ಣ, ಇನ್ನಿಬ್ಬರು ಸೇರಿ ನಿಧಾನಕ್ಕೆ ಒಂದು ಮಗ್ಗುಲು ಎತ್ತಿ ಹಿಡಿದರು, ಕೆಳಗೆ ಕಟ್ಟಿಗೆ ಕೊಟ್ಟೆವು. ಕತ್ತಲಾಗಿತ್ತು. ಲಿಪಿ ಕಲಿಯುವ ಅಕ್ಕ ನೆಲದ ಮೇಲೆ ಮಲಗಿ ಟಾರ್ಚನ್ನು ಅಡ್ಡ ಹಿಡಿದರು. ಮೇಲೆ ಸೂರ್ಯ, ಚಂದ್ರ. ಅದರ ಕೆಳಗೆ ಸ್ಪಷ್ಟವಾಗಿ "ಸ್ವಸ್ತಿ ಶ್ರೀ". ಆಮೇಲೆ ಐದು ಸಾಲು, ಅರ್ಧ ಮಣ್ಣಿನಲ್ಲಿ.

ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಅಜ್ಜಿಯೂ ಬಗ್ಗಿ ನೋಡಿದರು. "ನಾನು ಮದುವೆಯಾಗಿ ಬಂದಾಗಿನಿಂದ ಇದರ ಮೇಲೇ ಒಗೀತಿದೀನಿ" ಅಂದರು, ಸೆರಗಿನಿಂದ ಕಲ್ಲಿನ ಅಂಚು ಒರೆಸುತ್ತಾ.

ಅಜ್ಜಿಗೆ ಬೇರೆ ಒಗೆಯುವ ಕಲ್ಲು ಬೇಕು. ಬಂಗಾರಪೇಟೆ ಅಣ್ಣ ಬುಧವಾರದ ಒಳಗೆ ಹಾಕಿಸಿಕೊಡುತ್ತೇನೆ ಅಂದಿದ್ದಾರೆ. ನೋಟ್‌ಬುಕ್ಕಿನಲ್ಲಿ ಆ ನಂಬರಿನ ಮುಂದೆ "ಇದೆ" ಅಂತ ಬರೆದಿದ್ದು ಆವಣಿಯಲ್ಲಿ ಕೆರೆ ಅಂದಿದ್ದ ಹುಡುಗಿ, ಅವಳು ಈಗ ಪಿಯುಸಿ. ಪೆನ್ನು ಅವಳೇ ತಂದಿದ್ದಳು.

ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆ ಲೈಬ್ರರಿ ಜಗಲಿ ಹತ್ತಿರ ಸೇರೋಣ. ಇನ್ನೆರಡು ಟಾರ್ಚು ಬೇಕು, ಇದ್ದವರು ತನ್ನಿ.